ತಟ್ಟೆ ಮುಂದೆ ಕೂತವರನ್ನೂ ಕೇಳಿ

ಪತ್ರ: ಮಹದಾಯಿ ಕಾಡಂಚಿನ ಜನಕ್ಕೆ ಬೇಟೆ ರಕ್ತದಲ್ಲೇ ಇದೆ. ಅವರನ್ನು ಅಲ್ಲಿಂದ ಎಬ್ಬಿಸದೆ ಪ್ರಾಣಿಗಳು ಉಳಿಯಲ್ಲ. ನೀವೇನಂತೀರಿ?
– ಕಲಂಗುಟ್‌ನ ಕನ್ನಡಿಗ ಅಂಗಡಿಕಾರರು

ಉತ್ತರ: ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಹಂದಿಗೆಂದು ಹಾಕಿದ ತಂತಿ ಉರುಳಿಗೆ ಚಿರತೆಯೂ ಬೀಳುತ್ತದೆ. ಅದು ಅಪರಾಧವೇ.

ಆದರೆ ರಕ್ತದ ಮಾತು ಬೇಡ ಸ್ವಾಮಿ. ಹುಟ್ಟಿನಿಂದಲೇ ಕಳ್ಳರು ಅಂತ ಜಾತಿಗಳಿಗೆ ಹಣೆಪಟ್ಟಿ ಹಚ್ಚುವ ಕಾನೂನನ್ನು ಬ್ರಿಟಿಷರು 1871ರಲ್ಲಿ ತಂದರು. ಅದು 1952ರಲ್ಲಿ ಹೋಯಿತು. ಆ ಹಣೆಪಟ್ಟಿ ಹೊತ್ತ ಪಾರ್ಧಿ ಎಂಬ ಬೇಟೆಗಾರ ಸಮುದಾಯದ ಮೇಲಿನ ಅನುಮಾನ ಮಾತ್ರ ಇನ್ನೂ ಹೋಗಿಲ್ಲ.

2020ರ ಜನವರಿಯಲ್ಲಿ ಇದೇ ಮಹದಾಯಿ ಕಾಡಿನಲ್ಲಿ, ಗೋವಾದ ಸತ್ತರಿ ತಾಲ್ಲೂಕಿನ ಗೋಳಾವಳಿ ಹತ್ತಿರ ತಾಯಿಹುಲಿ ಮತ್ತು ಮೂರು ಮರಿಗಳು ವಿಷಕ್ಕೆ ಬಲಿಯಾದವು. ಸುದ್ದಿ ಓದಿ ನನಗೂ ಅನ್ನ ಸೇರಲಿಲ್ಲ. ಆರೋಪದ ಮೇಲೆ ಹಿಡಿದದ್ದು ದನ ಸಾಕಿ ಬದುಕುವ ಧನಗರರನ್ನು. ಹುಲಿ ಅವರ ದನ ಹಿಡಿದಿತ್ತು. ಹಾಲು ಕೊಡುವ ದನ ಹೋದರೆ ಮರುದಿನದಿಂದಲೇ ಸಂಪಾದನೆ ಇಲ್ಲ. ಪರಿಹಾರದ ದುಡ್ಡು ಆ ವಾರವೇ ಕೈಸೇರುತ್ತದೆ ಅನ್ನುವ ನಂಬಿಕೆ ಇದ್ದರೆ ಯಾರಾದರೂ ವಿಷಕ್ಕೆ ಕೈ ಹಾಕುತ್ತಾರಾ?

ಇನ್ನು ನಿಮ್ಮ ಪಕ್ಕದಲ್ಲೇ ನಡೆಯುವ ಬೇಟೆ ನೋಡಿ. ಜೂನಿನ ಮೊದಲ ಮಳೆಗೆ ಗೋವಾದ ಗದ್ದೆಗಳಲ್ಲಿ ಗೋಂಕರು ಕಪ್ಪೆಗಳು ಮೇಲೆ ಬರುತ್ತವೆ. ಗಂಡಿನ ಮೈಯೆಲ್ಲ ನಿಂಬೆ ಹಳದಿ. ಗಂಟಲ ಎರಡೂ ಬದಿಯ ನೀಲಿ ಚೀಲ ಉಬ್ಬಿಸಿ ಹೆಣ್ಣನ್ನು ಕರೆಯುತ್ತದೆ. ಆ ಕೂಗೇ ಅದಕ್ಕೆ ಮುಳುವು. ಕೂಗಿದ ಕಡೆ ಟಾರ್ಚ್ ಬಿಟ್ಟರೆ ಅಲ್ಲಾಡದೆ ಕೂತುಬಿಡುತ್ತದೆ, ಎತ್ತಿ ಗೋಣಿಗೆ ಹಾಕಿದರಾಯಿತು. ಮರಿ ಆಗುವ ಮೊದಲೇ ಕಾಲು ಬಾಣಲೆ ಸೇರುತ್ತದೆ. ಗದ್ದೆಯ ಹುಳ ತಿನ್ನುವ ಜೀವ ಅದು. ಕಪ್ಪೆಕಾಲಿನ ರಫ್ತನ್ನು ಸರ್ಕಾರ 1987ರಲ್ಲೇ ನಿಲ್ಲಿಸಿದೆ. ಹಿಡಿಯುವುದೂ ಕಾನೂನುಬಾಹಿರ.

ಹಿಂದೆ ಊರಿನವರು ಮನೆಯ ಸಾರಿಗಷ್ಟೇ ಹಿಡಿಯುತ್ತಿದ್ದರು. ಈಗ ಹೋಟೆಲಿಗೆ ಹೋಗುತ್ತದೆ. ಮೆನುವಿನಲ್ಲಿ ಇರಲ್ಲ, ‘ಜಂಪಿಂಗ್ ಚಿಕನ್’ ಬೇಕಾ ಅಂತ ಮೆಲ್ಲಗೆ ಕೇಳುತ್ತಾರೆ. ಹೂಂ ಅನ್ನುವವರಲ್ಲಿ ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರಿನಿಂದ ಬಂದ ನಮ್ಮವರೂ ಇದ್ದಾರೆ. ಹೇಳೋಕೇ ನಾಚಿಕೆ. ದಾಳಿಯಾದರೆ ಸಿಕ್ಕಿಬೀಳುವುದು ಗೋಣಿ ಹೊತ್ತ ಹುಡುಗ. ದುಡ್ಡು ಕೊಟ್ಟು ತಿಂದವರನ್ನು ಯಾರು ಕೇಳುತ್ತಾರೆ?

ಯಾವಾಗಲೂ ಹೀಗೇ ಅಲ್ವಾ? ಗೋವಾದ್ದೇ ಆದ ಮೊಲೆಮ್ ಕಾಡಿನ ನಡುವೆ ಜೋಡಿ ರೈಲುಹಳಿ, ವಿದ್ಯುತ್ ಲೈನ್, ಅಗಲ ರಸ್ತೆಗೆ ಯೋಜನೆ ಹಾಕುತ್ತಾರೆ. ಅಂಥದೇ ಕಾಡಿನಲ್ಲಿ ನಾಲ್ಕು ಎಮ್ಮೆ ಕಟ್ಟಿಕೊಂಡವನು ಮಾತ್ರ ಎದ್ದು ಹೋಗಬೇಕು. ಇದ್ಯಾವ ನ್ಯಾಯ?

ನೀವು ಹೋಟೆಲುಗಳ ಸಾಲಿನಲ್ಲೇ ಅಂಗಡಿ ಇಟ್ಟವರು, ನಾಲ್ಕು ಜನ ನಿಮ್ಮ ಮಾತು ಕೇಳುತ್ತಾರೆ. ಈ ಮಳೆಗಾಲ ಯಾರಾದರೂ ಕಪ್ಪೆಕಾಲು ಎಲ್ಲಿ ಸಿಗುತ್ತೆ ಅಂತ ಕನ್ನಡದಲ್ಲಿ ವಿಚಾರಿಸಿದರೆ ಸುಮ್ನೆ ಬಿಡಬೇಡಿ, ತಡೆಯಿರಿ. ಮಾರುವ ಜಾಗ ಗೊತ್ತಾದರೆ ಅರಣ್ಯ ಇಲಾಖೆಗೆ ಫೋನ್ ಮಾಡಿ. ಏನಾಯಿತು ಅಂತ ನನಗೂ ಬರೆಯಿರಿ, ಅಚ್ಚು ಹಾಕುತ್ತೇನೆ.