ಕಾರ್ಪೊರೇಟ್ ಕಾನೂನೋ, ಬಾಡಿಗೆ ಖಟ್ಲೆಯೋ?

ಪುಣೆಯಲ್ಲಿ ಎಲ್‌ಎಲ್‌ಬಿ ಮುಗಿಸಿ ಮುಂಬಯಿಗೆ ಬರುವವರು ಕಾರ್ಪೊರೇಟ್ ಕಾನೂನು ಹಿಡಿಯಬೇಕೋ, ಆಸ್ತಿ ವ್ಯಾಜ್ಯವೋ ಎಂದು ಕೇಳಿದ್ದೀರಿ. ತಿಂಗಳ ಸಂಬಳ ತುರ್ತಾಗಿ ಬೇಕಿದ್ದರೆ ಮೊದಲನೆಯದೇ ಸರಿ. ಇಲ್ಲದಿದ್ದರೆ ಒಂದು ವಾರ ಧೋಬಿ ತಲಾವ್‌ನ ಸ್ಮಾಲ್ ಕಾಸಸ್ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿ. ನಗರದ ಮಾಲೀಕ-ಬಾಡಿಗೆದಾರರ ಖಟ್ಲೆಗಳು ಬರುವುದು ಸ್ಮಾಲ್ ಕಾಸಸ್‌ಗೇ. ಅಂಚು ಹರಿದ ಬಾಡಿಗೆ ರಸೀದಿ, ಅದರ ಮೇಲೆ ತೀರಿಕೊಂಡ ಅಜ್ಜನ ಹೆಸರು. ಇಡೀ ದಾವೆ ಅದರ ಮೇಲೆಯೇ ನಿಂತಿರುತ್ತದೆ. ಇಲ್ಲಿನ ನಮ್ಮ ಕನ್ನಡಿಗ ಹೋಟೆಲಿನವರಲ್ಲೂ ಪಗಡಿ ಜಾಗದವರಿದ್ದಾರೆ, ಅಂದರೆ ಮೊದಲೇ ದೊಡ್ಡ ಮೊತ್ತ ಕೊಟ್ಟು ಕಡಿಮೆ ಬಾಡಿಗೆಗೆ ಜಾಗ ಹಿಡಿದವರು. ಕನ್ನಡದಲ್ಲಿ ಕಷ್ಟ ಕೇಳುವ ವಕೀಲರನ್ನು ಅವರು ಬಿಡುವುದಿಲ್ಲ, ಶುಲ್ಕಕ್ಕೆ ಮಾತ್ರ ಚೌಕಾಶಿ ಮಾಡುತ್ತಾರೆ! 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯನ್ನು ಈಗಲೇ ಓದಿ. ಮರಾಠಿ ದಸ್ತಾವೇಜು ಓದಲು ಬಾರದಿದ್ದರೆ ಅದನ್ನು ಮೊದಲು ಕಲಿಯಿರಿ. ನಾನು ಕಲಿಯುವಷ್ಟರಲ್ಲಿ ಹಿರಿಯ ವಕೀಲರಿಂದ ಎರಡು ವರ್ಷ ಬೈಸಿಕೊಂಡಿದ್ದೇನೆ.