ಘಟ್ಟ ಹತ್ತುವಾಗ ಏದುಸಿರು ಬಂದರೆ ಮಗುವಿಗೆ ಉಸಿರು ಕಟ್ಟುತ್ತದಾ?

ಕುಮಟಾದಿಂದ ಶಿರಸಿಗೆ ದೇವಿಮನೆ ಘಟ್ಟ ಹತ್ತುವಾಗ ನಿಮ್ಮ ಏಳು ತಿಂಗಳ ಬಸುರಿ ಹೆಂಡತಿಗೆ ಏದುಸಿರು ಬಂತು, ಒಳಗಿನ ಮಗುವಿಗೂ ಉಸಿರು ಕಟ್ಟಿತಾ ಅಂತ ಕೇಳಿದ್ದೀರಿ. ಸುಮ್ನೆ ಹೆದರಬೇಡಿ. ಶಿರಸಿ ಇರುವುದು ಸುಮಾರು 600 ಮೀಟರ್ ಎತ್ತರದಲ್ಲಿ, ಆಮ್ಲಜನಕಕ್ಕೆ ತೊಂದರೆಯಾಗುವಷ್ಟಲ್ಲ. ಈ ತಿಂಗಳಲ್ಲಿ ಸ್ವಲ್ಪ ಏದುಸಿರು ಸಾಮಾನ್ಯ.

ಮಗು ಹೊಟ್ಟೆಯೊಳಗೆ ಗಾಳಿ ಎಳೆದುಕೊಳ್ಳುವುದಿಲ್ಲ. ಆಮ್ಲಜನಕವೆಲ್ಲ ಮಾಸಿನ (ಗರ್ಭಕೋಶದ ಗೋಡೆಗೆ ಅಂಟಿಕೊಂಡಿರುವ ಪ್ಲಾಸೆಂಟಾ) ಮೂಲಕ ಬರುತ್ತದೆ. ನಾನು ಕಾರವಾರದಲ್ಲಿ ಹೆರಿಗೆ ವಾರ್ಡಿನ ನರ್ಸ್. ಹೆರಿಗೆ ಆದ ಮೇಲೆ ಮಾಸನ್ನು ಟ್ರೇಯಲ್ಲಿ ಹರಡಿ ನೋಡುತ್ತೇವೆ. ಸುಮಾರು ಅರ್ಧ ಕೆಜಿ ತೂಕ. ಮಗುವಿನ ಕಡೆ ನುಣುಪು, ರಕ್ತನಾಳಗಳು ಮರದ ಬೇರಿನ ಹಾಗೆ ಹಬ್ಬಿರುತ್ತವೆ. ಹೊಕ್ಕುಳಬಳ್ಳಿ ಕತ್ತರಿಸಿದ ತುದಿಯಲ್ಲಿ ಮೂರು ತೂತು ಕಾಣುತ್ತವೆ. ದೊಡ್ಡದು ಮಗುವಿಗೆ ಆಮ್ಲಜನಕ ತರುತ್ತದೆ, ಸಣ್ಣವೆರಡು ಬಳಸಿದ ರಕ್ತವನ್ನು ವಾಪಸ್ ಒಯ್ಯುತ್ತವೆ. ತಾಯಿಯ ರಕ್ತ, ಮಗುವಿನ ರಕ್ತ ಒಂದಕ್ಕೊಂದು ಬೆರೆಯುವುದಿಲ್ಲ. ನಡುವಿನ ತೆಳು ಪೊರೆ ದಾಟಿ ಆಮ್ಲಜನಕ ಹೋಗುತ್ತದೆ. ಮಗುವಿನ ಹಿಮೋಗ್ಲೋಬಿನ್ನೂ ಬೇರೆ ಥರದ್ದು, ಸಿಕ್ಕಿದ ಆಮ್ಲಜನಕವನ್ನು ನಮ್ಮದಕ್ಕಿಂತ ಗಟ್ಟಿಯಾಗಿ ಹಿಡಿಯುತ್ತದೆ. ಎಷ್ಟು ಚೆಂದದ ಏರ್ಪಾಡು ಅಲ್ವಾ!

ನನಗೆ ಘಟ್ಟಕ್ಕಿಂತ ರಕ್ತಹೀನತೆಯದ್ದೇ ಚಿಂತೆ ಜಾಸ್ತಿ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದೆಯಾ ನೋಡಿಸಿ. ಕಬ್ಬಿಣದ ಮಾತ್ರೆಯನ್ನು ಚಹಾದ ಜೊತೆ ನುಂಗುವುದು ಬೇಡ. ಅಂಗಾತ ಮಲಗದೆ ಮಗ್ಗುಲಾಗಿ ಮಲಗಲಿ. ಸುಮ್ಮನೆ ಕೂತಾಗಲೂ ಏದುಸಿರು ಬಂದರೆ, ಮಗುವಿನ ಒದೆತ ಕಡಿಮೆಯಾದರೆ, ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.