ಆಗಸ್ಟ್‌ನಲ್ಲಿ ಫುಜಿಯನ್‌ಗೆ ಹೋಗಬಹುದಾ?

ಆಗಸ್ಟ್‌ನಲ್ಲಿ ಚೀನಾದ ಫುಜಿಯನ್ ಪ್ರಾಂತ್ಯದ ಕರಾವಳಿ ನಗರ ಶಿಯಾಮೆನ್‌ನ ಹವೆ ಹೇಗಿರುತ್ತದೆ ಅಂತ ಕೇಳಿದ್ದೀರಿ. ಸೆಕೆ ಜಾಸ್ತಿ, ಮೇಲೆ ಚಂಡಮಾರುತದ ಕಾಟ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಅದರದ್ದೇ ಕಾಲ. ಎದುರಿಗೆ ತೈವಾನ್ ಇದೆಯಲ್ವಾ, ಕೆಲವು ಅಲ್ಲಿನ ಬೆಟ್ಟಗಳಿಗೆ ಬಡಿದು ಸೊರಗಿ ಬರುತ್ತವೆ. ಎಲ್ಲವೂ ಅಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಮೆರಾಂಟಿ ಅನ್ನೋ ಚಂಡಮಾರುತ ಶಿಯಾಮೆನ್‌ಗೇ ಬಂದು ಅಪ್ಪಳಿಸಿತ್ತು.

ಕರಾವಳಿ ಅಂದ ಮಾತ್ರಕ್ಕೆ ಫುಜಿಯನ್ ಪೂರ್ತಿ ಬಯಲು ಅಂದುಕೊಳ್ಳಬೇಡಿ. ‘ಎಂಟು ಪಾಲು ಬೆಟ್ಟ, ಒಂದು ಪಾಲು ನೀರು, ಒಂದು ಪಾಲು ಹೊಲ’ ಅಂತ ಅಲ್ಲಿ ಮಾತೇ ಇದೆ. ವಾಯವ್ಯದ ವುಯಿ ಬೆಟ್ಟಸಾಲು ಉತ್ತರದ ಚಳಿಗಾಳಿಯನ್ನು ತಕ್ಕಮಟ್ಟಿಗೆ ತಡೆಯುತ್ತದೆ. ಒಳ್ಳೆಯ ಚಹಾ ಬೆಳೆಯುವುದೂ ಅಲ್ಲೇ.

ಮಾರ್ಚ್-ಏಪ್ರಿಲ್ ಕೂಡ ಬೇಡ. ತೇವಕ್ಕೆ ಗೋಡೆ, ನೆಲವೆಲ್ಲ ಬೆವರುತ್ತವೆ, ಒಗೆದ ಬಟ್ಟೆ ಒಣಗುವುದೇ ಇಲ್ಲ. ರಜೆ ಸಿಕ್ಕರೆ ನವೆಂಬರ್‌ಗೆ ಹಾಕಿಕೊಳ್ಳಿ. ಮಳೆ ಕಡಿಮೆ, ಸುಮ್ನೆ ಕಡಲ ದಂಡೆಯಲ್ಲಿ ಓಡಾಡಬಹುದು.